ಹೆಸರು ಕೂಗದ ದಾಕ್ಷಾಯಣಮ್ಮ

ಶುಕ್ರವಾರ, ಬೆಳಿಗ್ಗೆ ಆರೂವರೆ. ದುರ್ಗಿಗುಡಿಯ ಸಣ್ಣ ಧರ್ಮಾಸ್ಪತ್ರೆಯೊಂದರಲ್ಲಿ ಆಯಾ ದಾಕ್ಷಾಯಣಮ್ಮ ಮರದ ಬೆಂಚು ಎಳೆಯುತ್ತಿದ್ದಾರೆ. ಮನೋರೋಗದ ಡಾಕ್ಟರ ಬೆಂಚು ಕಣ್ಣಿನ ಡಾಕ್ಟರ ಬೆಂಚಿಗೆ ತಾಗುತ್ತದೆ. ಇನ್ನು ಯಾರು ಯಾವ ಕಾಯಿಲೆಗೆ ಕುಳಿತಿದ್ದಾರೆಂದು ನೋಡಿದವರಿಗೆ ತಿಳಿಯುವುದಿಲ್ಲ.

"ಏನ್ ಮಾರಾಯ್ತಿ, ಎಳೆದೂ ಎಳೆದೂ ನೆಲವೆಲ್ಲ ಗೀರು ಮಾಡ್ದೆ" ಎಂದು ಕಾವಲುಗಾರ ರಂಗಪ್ಪ ರೇಗಿಸುತ್ತಾರೆ.

"ಗೀರು ಬಿದ್ರೆ ಬೀಳ್ಲಿ. ನೀನು ಆ ಕಡೆ ಹಿಡಿ."

ಐವತ್ತೆರಡರ ದಾಕ್ಷಾಯಣಮ್ಮ ಗೋಪಾಳ ಬಡಾವಣೆಯಿಂದ ನಡೆದು ಬರುತ್ತಾರೆ. ಗಂಡ ತೀರಿಕೊಂಡ ವರ್ಷ ಇಲ್ಲಿ ಸೇರಿದವರು. ಈಗ ಹದಿನಾಲ್ಕು ವರ್ಷ. ಮನೋರೋಗದ ಡಾಕ್ಟರ್ ನರಸಿಂಹಮೂರ್ತಿ ಮಂಗಳವಾರ, ಶುಕ್ರವಾರ ನೋಡುವ ನಲವತ್ತು ಜನರಲ್ಲಿ ಹತ್ತು ಹನ್ನೆರಡು ಮಕ್ಕಳು. ಕಚ್ಚುವವರು, ಕಲ್ಲೆಸೆಯುವವರು, ಶಾಲೆಯಿಂದ ಓಡಿಹೋಗುವವರು. ಡಾಕ್ಟರು ಮೊದಲು ಕೇಳುವುದು ಕರೆತಂದವರನ್ನು: "ನಿಮಗೆ ನಿದ್ದೆ ಬರುತ್ತಾ?" ಎಷ್ಟೋ ಜನ ಅಲ್ಲೇ ಅಳುತ್ತಾರೆ.

ಅಪ್ಪ ಅಮ್ಮನ ಮನಸ್ಸು ಕುಸಿದರೆ ಮಕ್ಕಳೆಲ್ಲ ಹೀಗಾಗುತ್ತಾರೆಂದು ಡಾಕ್ಟರು ಹೇಳುವುದಿಲ್ಲ. ಪೇಪರಿಗೆ ಬರೆಯುವ ನಾನು ಹಾಗೆ ಬರೆದರೂ ತಪ್ಪು. ದೊಡ್ಡವರಿಗೆ ಚಿಕಿತ್ಸೆ ಸಿಕ್ಕ ಮೇಲೆ ಮಗುವೂ ತಣ್ಣಗಾದದ್ದನ್ನು ಮಾತ್ರ ಅವರು ಹಲವು ಸಲ ಕಂಡಿದ್ದಾರೆ.

ಸರದಿ ಬಂದಾಗ ದಾಕ್ಷಾಯಣಮ್ಮ ಹೆಸರು ಕೂಗುವುದಿಲ್ಲ. ಹತ್ತಿರ ಹೋಗಿ ಮಗುವಿನ ಭುಜ ಮುಟ್ಟುತ್ತಾರೆ. ಯಾಕೆಂದು ಕೇಳಿದ್ದಕ್ಕೆ ಕಳೆದ ವರ್ಷದ ಒಂದು ಘಟನೆ ಹೇಳಿದರು.

೧೯೯೭ರಲ್ಲಿ ಭದ್ರಾವತಿಯ ಕಾರ್ಖಾನೆ ನೌಕರರೊಬ್ಬರು ಏಳು ವರ್ಷದ ಮಗಳನ್ನು ಕರೆತರುತ್ತಿದ್ದರು. ಅದಕ್ಕೂ ಮುಂಚೆ ಅಪ್ಪ ಮಾತು ಬಿಟ್ಟು ಮಂಚ ಹಿಡಿದಿದ್ದರು. ಮಗಳು ಶಾಲೆಯಲ್ಲಿ ಸಿಕ್ಕವರನ್ನು ಕಚ್ಚುತ್ತಿದ್ದಳು. ಮೂರು ತಿಂಗಳ ಮಾತ್ರೆಯ ನಂತರ ಅವರು ಡ್ಯೂಟಿಗೆ ಹೋಗತೊಡಗಿದರು. ಮಗಳು ಕಚ್ಚುವುದನ್ನು ಬಿಟ್ಟಳು.

"ಆಮೇಲೊಂದು ದಿನ ಸಿಕ್ಕಾಪಟ್ಟೆ ರಶ್ಶು. ಗಂಟಲು ಹರಿಯೋ ಹಾಗೆ ಕೂಗ್ದೆ, ಹೆಸರು, ಊರು, ಜೊತೆಗೆ 'ಮಾನಸಿಕ, ಒಳಗೆ ಬನ್ನಿ' ಅಂತ. ಕಣ್ಣಿನ ಬೆಂಚಲ್ಲಿ ಅವರ ಫ್ಯಾಕ್ಟ್ರಿಯವನೇ ಕೂತಿದ್ದ. ತಿರುಗಿ ನೋಡಿ ನಕ್ಕ. ಇವರು ಮಗಳ ಕೈ ಹಿಡ್ಕೊಂಡು ಹೊರಟೇಹೋದ್ರು."

ಮತ್ತೆ ಬರಲೇ ಇಲ್ಲ. ಆಸ್ಪತ್ರೆಯ ಚೀಟಿಯಲ್ಲಿದ್ದ ವಿಳಾಸ ಹಿಡಿದು ಒಂದು ಭಾನುವಾರ ದಾಕ್ಷಾಯಣಮ್ಮ ಭದ್ರಾವತಿಗೆ ಹೋದಾಗ ಉಳಿದದ್ದು ತಿಳಿಯಿತು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು 'ಮೆಂಟಲ್' ಎನ್ನುತ್ತಿದ್ದರು. ಮಾತ್ರೆ ನಿಂತಿತ್ತು. ಮಗಳು ಮತ್ತೆ ಕಚ್ಚುತ್ತಿದ್ದಳು, ಈ ಸಲ ತನ್ನ ಕೈಯನ್ನೇ.

"ಬಾಗಿಲು ತೆಗೆದ ಅವರ ಹೆಂಡ್ತಿ, 'ಇಲ್ಲೂ ಕೂಗೋಕೆ ಬಂದ್ರಾ? ಜೋರಾಗಿ ಕೂಗಿ, ಪಕ್ಕದ ಮನೆಯವ್ರಿಗೆ ಇನ್ನೂ ಗೊತ್ತಿಲ್ಲ' ಅಂದ್ರು."

ಆದರೂ ದಾಕ್ಷಾಯಣಮ್ಮ ತಿಂಗಳಿಗೊಮ್ಮೆ ಹೋಗುವುದನ್ನು ಬಿಡಲಿಲ್ಲ. ಎಂಟು ತಿಂಗಳು ಹುಡುಗಿಯ ಅಪ್ಪ ಹೊರಗೇ ಬರಲಿಲ್ಲ. ಕಳೆದ ಭಾನುವಾರ ಬಾಗಿಲವರೆಗೆ ಬಂದು, "ಶುಕ್ರವಾರ ಡಾಕ್ಟ್ರು ಇರ್ತಾರಾ?" ಎಂದರಂತೆ.

ಆ ಶುಕ್ರವಾರ ಇವತ್ತೇ. ದಾಕ್ಷಾಯಣಮ್ಮ ಬೆಳಿಗ್ಗೆಯಿಂದ ಹತ್ತು ಸಲ ಗೇಟಿನತ್ತ ನೋಡಿದ್ದಾರೆ.

ಹನ್ನೊಂದು ದಾಟಿದ ಮೇಲೆ ಅಪ್ಪ, ಮಗಳು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಹುಡುಗಿ ಬಿಸಿಲಲ್ಲೂ ತುಂಬುತೋಳಿನ ಸ್ವೆಟರ್ ಹಾಕಿದ್ದಾಳೆ. ಅವರ ಸರದಿ ಬಂದಾಗ ದಾಕ್ಷಾಯಣಮ್ಮ ಅವಳ ಭುಜ ಮುಟ್ಟುತ್ತಾರೆ. ಅಪ್ಪನ ಮುಖ ನೋಡುವುದಿಲ್ಲ. ಇಬ್ಬರೂ ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ.

ದಾಕ್ಷಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ನೋಟ್ ಪುಸ್ತಕದತ್ತ ನೋಡುತ್ತಾರೆ.

"ಪೇಪರಲ್ಲಿ ನನ್ನ ಹೆಸರು ಬೇಕಾದ್ರೆ ದಪ್ಪಕ್ಷರದಲ್ಲಿ ಹಾಕಿ, ತಪ್ಪು ನಂದೇ. ಅವ್ರ ಹೆಸರು ಮಾತ್ರ ಕೇಳ್ಬೇಡಿ."