ಬಿಸಿನೀರ ತಿರುವಿನಲ್ಲಿ ಒರಗಿಸಿದ್ದ ಕೋಲು

ತಿಪಾಪೆಗೆ ಮಾತೇ ಬಂಡವಾಳ. ಎಂಕಾರೆ ನಾಡೊ, ಅಂದರೆ ಕೆಂಪು ನೀರು ಎಂಬ ಹೊಳೆ ಕೊರೆದಿಟ್ಟ ಕಣಿವೆಯೊಳಗೆ ಪ್ರವಾಸಿಗರನ್ನು ಇಳಿಸಿ, ಸುತ್ತಾಡಿಸಿ, ಜೀವಸಹಿತ ಮೇಲೆ ಹತ್ತಿಸುವುದು ಅವನ ಕೆಲಸ. ಚಿಕ್ಕವನಿದ್ದಾಗ ಇದೇ ಕಣಿವೆಯ ಅಂಚಿನಲ್ಲಿ ಮೇಕೆ ಕಾಯುತ್ತಿದ್ದ. ಅವನ ಚಿಕ್ಕಪ್ಪ ಒಂದು ಮಧ್ಯಾಹ್ನ ಕಳೆದುಹೋದ ಮೇಕೆ ಹುಡುಕುತ್ತಾ ಇಳಿದವನು ವಾಪಸ್ಸು ಬರಲೇ ಇಲ್ಲ. ಮೇಕೆ ಮಾತ್ರ ಸಂಜೆ ತಾನಾಗಿಯೇ ಮನೆಗೆ ಬಂತು. ಆವತ್ತು ಊರಲ್ಲಿ ಒಂದು ಹನಿ ಮಳೆ ಇರಲಿಲ್ಲ. ಮಳೆ ಬಿದ್ದದ್ದು ದೂರದ ಗುಡ್ಡದ ಮೇಲೆ. ಈ ಹೊಳೆ ಹಾಗೇ, ಎಲ್ಲೋ ಕುಡಿದು ಇಲ್ಲಿ ಬಂದು ಜಗಳ ಆಡುತ್ತದೆ.

ಇಂಥ ಮಾತಿನ ಮಲ್ಲ ತಿಪಾಪೆ ಒಬ್ಬರ ಮುಂದೆ ಮಾತ್ರ ಮೂಕ. ಅವನ ಹೆಂಡತಿ ಸಿಲಂತೋಯಿಯ ಅಮ್ಮ. ಮದುವೆಯಲ್ಲಿ ಅವನು ಅತ್ತೆಗೆ ಒಂದು ಹೆಣ್ಣು ಕುರಿ ಕೊಟ್ಟಿದ್ದ. ಅಂದಿನಿಂದ ಅವನಿಗೆ ಅವಳು 'ಪಾಕೆರ್', ಅವಳಿಗೆ ಅವನೂ 'ಪಾಕೆರ್'. ಕುರಿಯ ನಂಟಿನವರು. ಹೆಸರು ಹಿಡಿಯುವಂತಿಲ್ಲ, ಎದುರು ಕೂತು ಉಣ್ಣುವಂತಿಲ್ಲ, ಹತ್ತಿರ ನಿಲ್ಲುವಂತಿಲ್ಲ. ಇನ್ನು ಮೈ ತಾಗುವ ಮಾತಂತೂ ಇಲ್ಲವೇ ಇಲ್ಲ. ಅವಳು ದಾರಿಯಲ್ಲಿ ಬಂದರೆ ಇವನು ಪೊದೆಗೆ, ಇವನು ಬಂದರೆ ಅವಳು ಮರದ ಹಿಂದಕ್ಕೆ. ಮರ್ಯಾದೆ ಎಂದರೆ ಅದು.

ಆ ದಿನ ಅವನ ಜೊತೆ ಇದ್ದದ್ದು ನಕುರು ಪಟ್ಟಣದಿಂದ ಬಂದ ಹೊಸ ಜೋಡಿ, ಒಕೆಲ್ಲೊ ಮತ್ತು ವಾಂಜಾ. ಕಣಿವೆಯ ಬಾಯಲ್ಲಿ ಇಳಿದು, ಹೊಳೆ ಹರಿಯುವ ದಿಕ್ಕಿಗೇ ನಡೆದು, ಬಿಸಿನೀರ ಬುಗ್ಗೆ ದಾಟಿದ ಮೇಲೆ ಸಿಗುವ ಕಬ್ಬಿಣದ ಗೂಟಗಳನ್ನು ಹಿಡಿದು ಮೇಲೇರಬೇಕು. ನಡುವೆ ಬೇರೆ ದಾರಿಯಿಲ್ಲ. ಗೋಡೆಗಳು ಎಷ್ಟು ಹತ್ತಿರವೆಂದರೆ ಎರಡೂ ಕೈ ಚಾಚಿದರೆ ಎರಡೂ ಬಂಡೆ ತಾಗುತ್ತವೆ. ಆಕಾಶ ಮೇಲೆಲ್ಲೋ ಒಂದು ನೀಲಿ ದಾರ.

"ಕೋತಿಗಳೆಲ್ಲಿ? ಬಾಳೆಹಣ್ಣು ಕಿತ್ಕೊಳ್ತವೆ ಅಂತ ಹೆದರಿಸಿದ್ರಲ್ಲ" ಎಂದಳು ವಾಂಜಾ.

ತಿಪಾಪೆ ತಲೆಯೆತ್ತಿ ನೋಡಿದ. ಬಬೂನುಗಳು ಸದಾ ಕೂತಿರುವ ಕಟ್ಟೆ ಖಾಲಿ. ಒಂದು ಮರಿಯೂ ಇಲ್ಲ.

"ನಿಮ್ ಗಂಡನ ಮುಖ ನೋಡಿ ಓಡಿಹೋಗಿರ್ಬೇಕು" ಎಂದು ನಗಿಸಿದ. ತಾನು ಮಾತ್ರ ನಗಲಿಲ್ಲ. ಹೆಜ್ಜೆ ಜೋರು ಮಾಡಿದ.

ಬುಗ್ಗೆಗೆ ಮುಂಚಿನ ತಿರುವಿನಲ್ಲಿ ಗಕ್ಕನೆ ನಿಂತ. ಬಂಡೆಗೆ ಒಂದು ಕೋಲು ಒರಗಿತ್ತು. ಹಿಡಿಯ ಸುತ್ತ ನೀಲಿ, ಬಿಳಿ ಮಣಿ ಸುತ್ತಿದ ಕೋಲು. ಹೆಂಗಸರು ಬುಗ್ಗೆಯಲ್ಲಿ ಮೀಯುವಾಗ ಹೀಗೆ ಕೋಲು ಇಟ್ಟಿರುತ್ತಾರೆ. ಕಂಡ ಗಂಡಸು ಅಲ್ಲೇ ನಿಲ್ಲಬೇಕು. ಆದರೆ ಇದು ಯಾರೋ ಹೆಂಗಸಿನ ಕೋಲಲ್ಲ. ಮಣಿ ಪೋಣಿಸಿದ್ದು ಸಿಲಂತೋಯಿ. ಮಂಡಿನೋವಿಗೆಂದು ಪಾಕೆರ್ ಬಿಸಿನೀರಿಗೆ ಬಂದಿದ್ದಾಳೆ.

"ಏನಾಯ್ತು ರಫೀಕಿ? ಹಾವಾ?" ಎಂದ ಒಕೆಲ್ಲೊ. ರಫೀಕಿ ಅಂದರೆ ಗೆಳೆಯ.

"ನಮ್ಮತ್ತೆ."

"ಅಯ್ಯೋ! ಹಾವೇ ವಾಸಿ ಬಿಡಿ. ನಮ್ಮತ್ತೆ ನಮ್ಮನೇಲೇ ಇದಾರೆ, ಟಿವಿ ರಿಮೋಟು ಮುಟ್ಟೋಕೂ ಬಿಡಲ್ಲ."

"ರೀ, ನಮ್ಮಮ್ಮನ ಸುದ್ದಿ ಯಾಕೆ?" ವಾಂಜಾ ಅವನ ಬೆನ್ನಿಗೊಂದು ಗುದ್ದಿದಳು.

ತಿಪಾಪೆ ಕಾದ. ಅಷ್ಟರಲ್ಲಿ ಕಾಲ ಬಳಿಯ ನೀರು ಬಣ್ಣ ಬದಲಿಸಿತು. ಬೆಳಿಗ್ಗೆಯಿಂದ ಕಣ್ಣೀರಿನಷ್ಟು ತಿಳಿಯಾಗಿದ್ದದ್ದು ಈಗ ಹಾಲು ಹಾಕದ ಚಹದಂತೆ. ಅದರ ಮೇಲೆ ಕುರಿಹಿಕ್ಕೆ ತೇಲುತ್ತಾ ಬಂತು, ಮುರಿದ ಕಡ್ಡಿ ಬಂತು, ನೊರೆ ಬಂತು. ಮೇಲೆ ನೀಲಿ ದಾರ ಹಾಗೇ ಇತ್ತು, ಒಂದು ಮೋಡವಿಲ್ಲ. ಚಿಕ್ಕಪ್ಪ ಸತ್ತ ದಿನವೂ ಹೀಗೇ ಬಿಸಿಲಿತ್ತು.

ಅತ್ತೆಯನ್ನು ಕೂಗುವಂತಿಲ್ಲ. ಹಾಡಬಹುದು. ದನದ ಹಾಡು ಕೇಳಿದರೆ ಮೀಯುವವಳು ಬಟ್ಟೆ ಸುತ್ತಿಕೊಂಡು ಮುಂದೆ ಹೊರಟುಹೋಗುತ್ತಾಳೆ, ಅದು ಪದ್ಧತಿ. ತಿಪಾಪೆ ತನ್ನ ಕೆಂದ ಹಸುವಿನ ಕೊಂಬಿನ ಮೇಲೆ ತಾನೇ ಕಟ್ಟಿದ ಹಾಡನ್ನು ಗಂಟಲು ಹರಿಯುವಂತೆ ಹಾಡಿದ. ಬಂಡೆಗಳು ತಿರುಗಿ ಹಾಡಿದವು. ಒಂದು ಸಾರಿ, ಇನ್ನೊಂದು ಸಾರಿ. ನೀರು ಮೀನಖಂಡ ಮುಟ್ಟಿತು.

"ಇನ್ನು ಕಾಯೋಕಾಗಲ್ಲ, ನಡೀರಿ, ಓಡಿ!" ಎಂದು ಕೋಲನ್ನು ಕೈಗೆ ತೆಗೆದುಕೊಂಡು, ತಲೆ ತಗ್ಗಿಸಿ, ನೆಲ ಮಾತ್ರ ನೋಡುತ್ತಾ ತಿರುವು ದಾಟಿದ.

"ಇಲ್ಯಾರೂ ಇಲ್ಲ ರಫೀಕಿ" ಎಂದಳು ವಾಂಜಾ.

ಸದ್ಯ, ಹತ್ತಿ ಹೋಗಿದ್ದಾಳೆ. ಅವನ ಎದೆ ಹಗುರಾಯಿತು. ಇಬ್ಬರನ್ನೂ ಮುಂದೆ ಬಿಟ್ಟು, ಬೈದು, ಹುರಿದುಂಬಿಸಿ, ಹಿಂದಿನಿಂದ ದೂಡಿ ಗೂಟಗಳ ಮೇಲೆ ಹತ್ತಿಸಿದ. ಮೇಲೆ ಬಂದು ಉಸಿರು ಬಿಡಬೇಕು, ಎದುರಿಗೆ ಕತ್ತೆ.

ಪಾಕೆರಳ ಕತ್ತೆ. ಜಾಲಿ ಮರಕ್ಕೆ ಕಟ್ಟಿದ್ದು ಕಟ್ಟಿದಂತೆಯೇ ನಿಂತು ಕಿವಿ ಅಲ್ಲಾಡಿಸುತ್ತಿತ್ತು.

ತಿಪಾಪೆಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಮಂಡಿನೋವಿನವಳು ಅಷ್ಟು ಬೇಗ ಗೂಟ ಹತ್ತುವುದುಂಟೇ? ಅಳಿಯನ ದನಿ ಕೇಳಿ, ಅವನ ಕಣ್ಣಿಗೆ ಬೀಳಬಾರದೆಂದು, ಬುಗ್ಗೆಯ ಹಿಂದಿನ ಬಂಡೆಯ ಪೊಟರೆಗೆ ನುಸುಳಿದ್ದಾಳೆ. ಕಣಿವೆಯಲ್ಲೇ ಅತಿ ತಗ್ಗಿನ ಜಾಗ ಅದು. ಉಳಿಸಲೆಂದು ಹಾಡಿದ ಹಾಡೇ ಅವಳನ್ನು ಅಲ್ಲಿಗೆ ಅಟ್ಟಿತ್ತು.

"ಎಲ್ಲಿಗೆ? ಹುಚ್ಚಾ ನಿಮಗೆ?" ಎಂದು ಒಕೆಲ್ಲೊ ಕೂಗುವಷ್ಟರಲ್ಲಿ ಅವನು ಅರ್ಧ ಇಳಿದಿದ್ದ.

ನೀರು ತೊಡೆಗೆ ಬಂದಿತ್ತು. ದೂರದಲ್ಲಿ, ಮೇಲ್ಗಡೆಯಿಂದ, ದೊಡ್ಡ ದನದ ಮಂದೆ ಬೆದರಿ ಓಡಿ ಬರುವಂಥ ಸದ್ದು. ಆ ದಿಕ್ಕಿನಲ್ಲಿ ದನಗಳೇ ಇಲ್ಲ. ಪೊಟರೆಯ ಬಾಯಿ ಒಂದು ಗೇಣು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ತಿಪಾಪೆ ಬೆನ್ನು ತಿರುಗಿಸಿ ಎದುರಿನ ಗೋಡೆಗೆ ಮಾತಾಡಿದ.

"ಪಾಕೆರ್."

ಒಳಗಿನಿಂದ ಅತ್ತೆಯ ದನಿ. "ಯಾಕೆ ಬಂದೆ ಪಾಕೆರ್? ಹೋಗು. ನೀನು ಹೋದ್ಮೇಲೆ ಬರ್ತೀನಿ."

"ನೀರು ಬರ್ತಿದೆ."

"ನೀರು ನನಗೆ ಎದೆವರೆಗಿದೆ, ನನಗೇ ಸುದ್ದಿ ಹೇಳ್ತೀಯಾ? ನೀನು ಹೋಗೋದನ್ನೇ ಕಾಯ್ತಿದೀನಿ. ಬಟ್ಟೆ ಹೊಳೆಪಾಲಾಯ್ತು."

ಅವನು ಹೆಗಲ ಮೇಲಿನ ಕೆಂಪು ಶುಕಾ ಹೊದಿಕೆ ಕಿತ್ತು ಹಿಂದಕ್ಕೆಸೆದ. "ಸುತ್ಕೊಳ್ಳಿ. ನಾನು ಗೋಡೆ ನೋಡ್ತಿದೀನಿ." ಕೋಲನ್ನೂ ಹಿಂದಕ್ಕೆ ಚಾಚಿದ. "ಹಿಡ್ಕೊಳ್ಳಿ, ಎಳೀತೀನಿ."

ಕೋಲು ಬಿಗಿಯಾಯಿತು. ಎಳೆದ. ಭಾರ ಬಂತು, ಒಂದು ಹೆಜ್ಜೆ ಬಂತು. ಅಷ್ಟರಲ್ಲಿ ಮಣಿಗಳು ಒದ್ದೆಗೆ ಜಾರಿದವು. ಕೋಲು ಅವನ ಕೈಯಲ್ಲಿ ಸಟ್ಟನೆ ಹಗುರಾಯಿತು.

ಹಿಂದೆ ಸದ್ದೇ ಇಲ್ಲ.

ಆ ಗಳಿಗೆಯಲ್ಲಿ ತಿಪಾಪೆ ತಿರುಗಿದ. ಕೆಂಪು ನೀರಿನಲ್ಲಿ ಕೆಂಪು ಬಟ್ಟೆ, ಅದರೊಳಗಿಂದ ಎದ್ದ ಒಂದು ಕೈ. ಕೋಲು ಬಿಸಾಕಿ ಆ ಮಣಿಕಟ್ಟನ್ನು ಹಿಡಿದ. ಮರದ ದಿಮ್ಮಿಯೊಂದು ಬಂದು ಅವನ ಬೆರಳುಗಳನ್ನು ಬಂಡೆಗೆ ಜಜ್ಜಿತು. ಲಟಕ್ಕೆಂದ ಸದ್ದು ಕಿವಿಗೆ ಬಿತ್ತು, ಕೈ ಮಾತ್ರ ಬಿಡಲಿಲ್ಲ. ಗೂಟದವರೆಗೆ ಎಳೆದ. ಅಲ್ಲಿಂದ ಹೆಗಲ ಮೇಲೆ ಹೊತ್ತ. ಅವರ ಕಾಲ ಕೆಳಗೇ ಹೊಳೆ ಗೋಡೆಯಿಂದ ಗೋಡೆಗೆ ತುಂಬಿ ಹೋಯಿತು, ಕೆಳಗಿನ ಗೂಟಗಳನ್ನೂ ಕಿತ್ತುಕೊಂಡು.

ಮೇಲೆ ಬಂದೊಡನೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ತಿರುಗಿ ಕೂತರು. ವಾಂಜಾ ತನ್ನ ಜಾಕೆಟ್ಟನ್ನು ಮುದುಕಿಗೆ ಹೊದಿಸಿದಳು.

ತುಂಬ ಹೊತ್ತಿನ ಮೇಲೆ ಮುದುಕಿ ಕತ್ತೆಗೆ ಹೇಳುವಂತೆ ಹೇಳಿದಳು. "ಪಾಕೆರ್, ಕೆಳಗೆ ನನ್ನನ್ನ ಏನೋ ಹಿಡೀತಲ್ಲ, ಏನದು?"

ತಿಪಾಪೆ ಬಾತುಕೊಳ್ಳುತ್ತಿದ್ದ ಬೆರಳುಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. "ಬಂಡೆ ಇರ್ಬೇಕು ಪಾಕೆರ್."

"ಹೂಂ. ಬಂಡೆಯೇ." ಕತ್ತೆಯ ಹಗ್ಗ ಬಿಚ್ಚುತ್ತಾ, "ಒಳ್ಳೇ ಬಂಡೆ" ಎಂದಳು.

ಆ ಸಂಜೆ ಅವನು ಮನೆಯಲ್ಲಿ ಬಾತ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕಣಿವೆ ಇನ್ನೂ ಮೊರೆಯುತ್ತಲೇ ಇತ್ತು, ಗೋಡೆಯ ಮಣ್ಣು ಅದುರುವಷ್ಟು. ಸಿಲಂತೋಯಿ ತವರಿನಿಂದ ಬಂದವಳು ಕುರಿಕೊಬ್ಬು ತುಂಬಿದ ಒಂದು ಪುಟ್ಟ ಸೋರೆಬುರುಡೆಯನ್ನು ಅವನ ಮುಂದಿಟ್ಟಳು.

"ಅಮ್ಮ ಕೊಟ್ಳು. ಬಿಸಿ ಮಾಡಿ ಬಂಡೆಗೆ ಹಚ್ಚಬೇಕಂತೆ. ಯಾವ ಬಂಡೆ ಅಂದ್ರೆ, ನಿನ್ ಗಂಡನಿಗೆ ಗೊತ್ತು ಅಂದ್ಳು. ಏನ್ರೀ ಇದು?"

ತಿಪಾಪೆ ಎಡಗೈಯಿಂದ ಬುರುಡೆಯ ಮುಚ್ಚಳ ತೆಗೆಯಲು ಹೆಣಗಿದ. ಆಗಲಿಲ್ಲ. ಕೊನೆಗೆ ಹೆಂಡತಿಯೇ ತೆಗೆದುಕೊಟ್ಟಳು.