ಹಳದಿಯಲ್ಲಿ ಹಳದಿ ಹುಡುಕುವ ಲೂಬಾ

ಈ ಬರಹದಲ್ಲಿ ಸಾಸಿವೆಕಾಳಿನಷ್ಟೂ ಸುಳ್ಳಿಲ್ಲ. ಸಾಸಿವೆಯನ್ನೇ ಹೋಲುವ ಕನೋಲಾ ಎಂಬ ಎಣ್ಣೆಕಾಳಿನಷ್ಟೇನಾದರೂ ಬೆರೆತಿದ್ದರೆ ಅದನ್ನು ಆರಿಸಿ ತೆಗೆಯಲು ಲೂಬಾ ಪ್ರಿಸ್ಟುಪಾ ಅವರನ್ನೇ ಕರೆಯಬೇಕು. ಹೋಲ್ಬಿ ಎಂಬ ಊರಿನ ಸುತ್ತ ಮೂವತ್ತು ಮೈಲಿಯಲ್ಲಿ ಆ ವಿದ್ಯೆ ಬಲ್ಲವರು ಅವರೊಬ್ಬರೇ.

ಜುಲೈ ಮೊದಲ ವಾರ, ಬೆಳಗಿನ ಐದು ಗಂಟೆ. ಸಸ್ಕಾಚೆವಾನ್‌ನ ಬಯಲಲ್ಲಿ ಸೂರ್ಯ ಆಗಲೇ ಎದ್ದು ಕೂತಿದ್ದಾನೆ. ಎದೆಮಟ್ಟ ಬೆಳೆದ ಸಾಸಿವೆ ಪೈರು ಇಬ್ಬನಿಯಲ್ಲಿ ತೊಯ್ದಿದೆ. ಅದರ ನಡುವೆ ಒಂದು ಹೂಹೂವಿನ ತಲೆವಸ್ತ್ರ ಮಾತ್ರ ತೇಲುತ್ತಾ ಹೋಗುತ್ತಿದೆ. ಅದರ ಕೆಳಗೆ ಅರವತ್ತಮೂರು ವರ್ಷದ ಲೂಬಾ: ಮೊಣಕಾಲವರೆಗೆ ರಬ್ಬರ್ ಬೂಟು, ಗಂಡನ ಮಳೆಯಂಗಿ, ಹೆಗಲಲ್ಲಿ ಗೋಧಿಚೀಲ. ಎಂಟು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ, ಬಗ್ಗಿ ಒಂದು ಗಿಡವನ್ನು ಬೇರುಸಹಿತ ಕಿತ್ತು ಚೀಲಕ್ಕೆ ತುರುಕುತ್ತಾರೆ. ಕಿತ್ತ ಗಿಡವೂ ಹಳದಿ ಹೂವಿನದೇ, ಬಿಟ್ಟ ಗಿಡವೂ ಹಳದಿ ಹೂವಿನದೇ.

"ಹೂ ನೋಡ್ಬೇಡಿ, ಹೂ ಮೋಸ ಮಾಡುತ್ತೆ. ಎಲೆ ನೋಡಿ," ಎನ್ನುತ್ತಾರೆ. "ಸಾಸಿವೆ ಎಲೆ ಕಾಂಡದಿಂದ ಮರ್ಯಾದೆಯಾಗಿ ದೂರ ನಿಂತಿರುತ್ತೆ. ಕನೋಲಾ ಎಲೆ ಕಾಂಡಾನ ತಬ್ಕೊಂಡ್ಬಿಡುತ್ತೆ, ಮದುವೆ ಮನೇಲಿ ಕುಡಿದ ಚಿಕ್ಕಪ್ಪನ ಥರ."

ಯಾರೂ ಬಿತ್ತದೆ ತಾವಾಗಿ ಹುಟ್ಟುವ ಇಂಥ ಗಿಡಗಳಿಗೆ ಇಲ್ಲಿಯ ರೈತರು ಇಟ್ಟಿರುವ ಹೆಸರು 'ಸ್ವಯಂಸೇವಕರು'. ಕರೆದವರಿಲ್ಲ, ಸಂಬಳವಿಲ್ಲ, ಬಂದರೆ ಮಾತ್ರ ಜಾಗ ಬಿಡುವುದಿಲ್ಲ. ಕುಲಾಂತರಿ ಕನೋಲಾದ ಕಾಳು ಒಮ್ಮೆ ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು ತನಗೆ ತೋಚಿದಾಗ ಏಳುತ್ತದೆ. ಅದರ ಮೇಲೆ ಕಳೆನಾಶಕ ಹೊಡೆದರೆ ಸ್ನಾನ ಮಾಡಿದಂತೆ ನಗುತ್ತದೆ. ಅದನ್ನು ಕೊಲ್ಲುವ ಬೇರೆ ಔಷಧಿ ಉಂಟು, ಆದರೆ ಅದು ಸಾಸಿವೆಯನ್ನೂ ಕೊಲ್ಲುತ್ತದೆ, ಎರಡೂ ಒಂದೇ ಮನೆತನ. ಹಾಗಾಗಿ ಉಳಿದ ಯಂತ್ರ ಒಂದೇ, ಲೂಬಾ ಅವರ ಬೆನ್ನು.

ಆ ಬೆನ್ನು ನಲವತ್ತು ಎಕರೆಯಲ್ಲಿ ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆಯುತ್ತದೆ. ನಿನ್ನೆ ಸಿಕ್ಕಿದ್ದು ಇನ್ನೂರ ಹದಿನಾಲ್ಕು ಗಿಡ. ಕಳೆದ ಬೇಸಿಗೆಯಲ್ಲಿ ಒಟ್ಟು ಒಂಬೈನೂರು ಕಿತ್ತಿದ್ದರು. ಈ ಸಲ ಎರಡು ವಾರದಲ್ಲೇ ಮೂರು ಸಾವಿರ ದಾಟಿದೆ. ಕಾರಣವನ್ನು ಅವರು ಬೆರಳಲ್ಲೇ ತೋರಿಸುತ್ತಾರೆ. ಹೊಲದ ಪಕ್ಕದ ಜಲ್ಲಿರಸ್ತೆಯಲ್ಲಿ ಹೋದ ಸುಗ್ಗಿಗೆ ನೆರೆಯ ರೈತ ವರ್ನ್ ಟೋಲೆಫ್ಸನ್ ಅವರ ಲಾರಿ ಹೊದಿಕೆ ಹಾಕದೆ ಕನೋಲಾ ಸಾಗಿಸಿತು. ಅವತ್ತು ಗಾಳಿಯೂ ಜೋರಾಗಿತ್ತು.

ಲೂಬಾ ಬಿತ್ತುವುದು ತಮ್ಮ ಅಪ್ಪ ಉಳಿಸಿಕೊಂಡು ಬಂದ ಹಳದಿ ಕಾಳಿನ ಸಾಸಿವೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿಯುತ್ತಲೇ ಪ್ರತಿ ವರ್ಷ ಆ ಬೀಜವನ್ನು ಕೇರಿ, ಆರಿಸಿ, ಮತ್ತೆ ಬಿತ್ತಿದ್ದಾರೆ. ಗಂಡ ಸ್ಟೆಫಾನ್‌ಗೆ ಸೊಂಟದ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಲ ಇವರದು, ಪೆರೋಗಿ ಕಡುಬು ಬೇಯಿಸುವ ಖಾತೆ ಅವರದು.

ಕನೋಲಾ ಮೇಲೆ ಲೂಬಾಗೆ ಹುಟ್ಟುದ್ವೇಷವೇನೂ ಇಲ್ಲ. "ನಾನೂ ಹಿಂದೆ ಎರಡು ವರ್ಷ ಅರ್ಧ ಹೊಲಕ್ಕೆ ಹಾಕಿದ್ದೆ. ಸುಳ್ಳು ಯಾಕೆ ಹೇಳ್ಲಿ, ಬೆಳೆ ಚೆನ್ನಾಗೇ ಬಂತು. ಒಂದೇ ಸಲ ಔಷಧಿ ಹೊಡೆದ್ರೆ ಹೊಲ ಕನ್ನಡಿ ಥರ. ಮೂರನೇ ವರ್ಷ ಬಿತ್ತೋಕೆ ಅಂತ ನಾಲ್ಕು ಚೀಲ ತೆಗೆದಿಟ್ಟೆ. ಬೀಜದ ಕಂಪನಿಯವನು ಬಂದು, ನೀವು ಸಹಿ ಮಾಡಿದ ಕಾಗದದಲ್ಲಿ ಅದಕ್ಕೆ ಅವಕಾಶ ಇಲ್ಲ, ಹೊಸದು ಕೊಳ್ಳಿ ಅಂದ. ನಾನು ಬೆಳೆದ ಕಾಳು ನಾನು ಬಿತ್ತಿದ್ರೆ ಕಳ್ಳಿ ಆಗ್ತೀನಾ? ನಾಲ್ಕೂ ಚೀಲ ಅವನ ಎದುರಿಗೇ ಗಾಣಕ್ಕೆ ಕಳಿಸ್ದೆ. ಆ ಎಣ್ಣೇಲಿ ಕರಿದದ್ದನ್ನ ಅವನಿಗೇ ತಿನ್ನಿಸ್ದೆ."

ಆರು ಸಾವಿರ ಎಕರೆಯ ವರ್ನ್ ಅವರ ಲೆಕ್ಕ ಬೇರೆ. "ನಮ್ಮಪ್ಪ ಕಳೆಗೆ ಹೆದರಿ ವರ್ಷಕ್ಕೆ ನಾಲ್ಕು ಸಲ ಉಳ್ತಿದ್ದ, ಅರ್ಧ ಮಣ್ಣು ಗಾಳೀಲಿ ಹಾರಿಹೋಗ್ತಿತ್ತು. ಈಗ ನಾನು ಉಳೋದೇ ಇಲ್ಲ. ಡೀಸೆಲ್ ಉಳೀತು, ಮಣ್ಣೂ ಉಳೀತು," ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಕಳೆಗಳೂ ಜಾಣ ಆಗಿವೆ ಬಿಡಿ. ಒಂದು ಔಷಧಿ ಇದ್ದದ್ದು ಮೂರಾಗಿದೆ. ಬೀಜದ ಬೆಲೆ ಕೇಳ್ಬೇಡಿ," ಎಂದು ಸೇರಿಸುತ್ತಾರೆ.

ಲೂಬಾ ಅವರ ಸಾಸಿವೆ ಹೋಗುವುದು ಕಡಲಾಚೆಗೆ. ಅಲ್ಲಿಯ ಖರೀದಿದಾರರಿಗೆ ಕುಲಾಂತರಿಯ ಸೋಂಕೂ ಆಗದು. ಕಳೆದ ವರ್ಷ ಹಳದಿ ಕಾಳಿನ ನಡುವೆ ಕನೋಲಾದ ಕಪ್ಪು ಕಾಳು ಕಂಡದ್ದಕ್ಕೆ ಇಡೀ ಲೋಡು ತಿರುಗಿ ಬಂತು. ಗಾತ್ರ ಒಂದೇ ಆದ್ದರಿಂದ ಯಾವ ಜರಡಿಯೂ ಎರಡನ್ನೂ ಬೇರೆ ಮಾಡದು. ಇದೊಂದು ವರ್ಷ ನೋಡೋಣ ಎಂದು ಖರೀದಿದಾರರು ಹೇಳಿದ್ದಾರೆ. ಶುಕ್ರವಾರ ಅವರ ಪರೀಕ್ಷಕಿ ಬರುತ್ತಾರೆ. ಹೊಲದಲ್ಲಿ ಎರಡಕ್ಕಿಂತ ಹೆಚ್ಚು ಕನೋಲಾ ಗಿಡ ಕಂಡರೆ ವ್ಯವಹಾರ ಮುಗಿಯಿತು. ಹೊಲವನ್ನು ಗೇಣಿಗೆ ಹಿಡಿದು ಕನೋಲಾ ಹಾಕಲು ವರ್ನ್ ತಯಾರಾಗಿಯೇ ಇದ್ದಾರೆ.

"ಹೊಲ ಎಲ್ಲೂ ಓಡಿಹೋಗಲ್ಲ. ಬೀಜ ಹೋಗುತ್ತೆ," ಎನ್ನುತ್ತಾರೆ ಲೂಬಾ. "ಬಿತ್ತದೆ ಡಬ್ಬದಲ್ಲಿಟ್ಟ ಬೀಜ ಎಷ್ಟು ವರ್ಷ ಉಸಿರಾಡುತ್ತೆ ಹೇಳಿ?"

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲೂಬಾ ಉಪ್ಪಿನಕಾಯಿ ಜಾಡಿಯಲ್ಲಿ ಎಲೆ ಸಮೇತ ಎರಡು ಹೂಗೊಂಚಲು ಇಟ್ಟುಕೊಂಡು ಸಹಕಾರಿ ಅಂಗಡಿಯ ಕಾಫಿ ಮೇಜಿಗೆ ಬರುತ್ತಾರೆ. ಊರಿನ ರೈತರು ದಿನಾ ಅಲ್ಲಿ ದಾಳ ಉರುಳಿಸಿ, ಸೋತವರ ತಲೆಗೆ ಎಲ್ಲರ ಕಾಫಿ ಕಟ್ಟುತ್ತಾರೆ. ವರ್ನ್ ದಾಳದ ಬಟ್ಟಲನ್ನು ಮೈಕಿನಂತೆ ಹಿಡಿದು ಆಕಾಶವಾಣಿಯ ದನಿ ತೆಗೆಯುತ್ತಾರೆ: "ಶ್ರೋತೃಗಳೇ, ಕೊಕ್ಕರೆ ನಡಿಗೆಯ ವಿಶ್ವದಾಖಲೆಯ ಲೂಬಾ ಈಗ ನಮ್ಮೊಂದಿಗಿದ್ದಾರೆ!" ಮೇಜು ನಗುತ್ತದೆ. ಇಬ್ಬರೂ ಒಂದೇ ಶಾಲಾಬಸ್ಸಿನಲ್ಲಿ ಬೆಳೆದವರು, ಸಲುಗೆ ಜಾಸ್ತಿ.

"ಬಾಯಿ ಸಾಕು, ಕಣ್ಣು ಬಿಡು," ಲೂಬಾ ಜಾಡಿಯನ್ನು ಮುಂದಿಡುತ್ತಾರೆ. "ಇವೆರಡರಲ್ಲಿ ನಿನ್ನ ಕನೋಲಾ ಯಾವುದು ಹೇಳೋ. ಸರಿಯಾಗಿ ಹೇಳಿದ್ರೆ ಮುಂದಿನ ವರ್ಷ ನಲವತ್ತು ಎಕರೆನೂ ನಿಂಗೇ ಗೇಣಿಗೆ."

"ತಪ್ಪಿದ್ರೆ?"

"ನಾಳೆಯಿಂದ ಶುಕ್ರವಾರದವರೆಗೂ ದಿನಾ ಬೆಳಿಗ್ಗೆ ಐದಕ್ಕೆ ನನ್ನ ಹೊಲದಲ್ಲಿರ್ಬೇಕು. ಚೀಲ ನಾನೇ ಕೊಡ್ತೀನಿ."

ಯಾರೋ ದಾಳ ಕೆಳಗಿಡುತ್ತಾರೆ. ವರ್ನ್ ಕುರ್ಚಿಗೆ ಒರಗಿಕೊಂಡು, "ಮೂವತ್ತು ವರ್ಷದಿಂದ ಇದನ್ನೇ ಬೆಳೀತಿದೀನಿ ಕಣೇ. ಮಕ್ಕಳ ಮುಖ ಮರೆತೇನು, ಇದರ ಮುಖ ಮರೀತೀನಾ?" ಎಂದು ಎಡಗಡೆಯ ಗೊಂಚಲನ್ನು ಎತ್ತಿ ಹಿಡಿಯುತ್ತಾರೆ.

ಅದು ಸಾಸಿವೆ.

"ನನಗೆ ಎದೆ ಹೊಡ್ಕೊಳ್ಳಲೇ ಇಲ್ಲ," ಎಂದು ಲೂಬಾ ಆಮೇಲೆ ಹೇಳುತ್ತಾರೆ. "ಔಷಧಿ ಹೊಡೆಯೋ ಯಂತ್ರದಲ್ಲಿ ಅವನು ಕೂರೋದು ಎಂಟಡಿ ಎತ್ತರದಲ್ಲಿ, ತಣ್ಣನೆ ಗಾಳೀಲಿ, ಗಾಜಿನ ಹಿಂದೆ. ಮೂವತ್ತು ವರ್ಷದಿಂದ ಅವನು ನೋಡಿರೋದು ಹಳದಿ ಬಣ್ಣ. ಗಿಡಾನ ಎಲ್ಲಿ ನೋಡಿದಾನೆ?"

ಮಂಗಳವಾರ ವರ್ನ್ ಶಾಪ ಹಾಕುತ್ತಾ ನಡೆಯುತ್ತಾರೆ. ಬುಧವಾರ ಶಾಪ ಕಡಿಮೆ, ಬಗ್ಗುವುದು ಜಾಸ್ತಿ. ಅವತ್ತು ಅವರೊಬ್ಬರೇ ನಲವತ್ತೊಂದು ಗಿಡ ಕೀಳುತ್ತಾರೆ. ತುಂಬಿದ ಚೀಲವನ್ನು ನೋಡಿ, "ಇದೆಲ್ಲ ನಂದೇನೇ?" ಎನ್ನುತ್ತಾರೆ.

"ಇಲ್ಲಪ್ಪಾ, ಚಂದ್ರನಿಂದ ಉದುರಿದ್ದು. ನಡಿ, ಬದು ಪಕ್ಕ ಇನ್ನೂ ಇದೆ."

ಗುರುವಾರ ಅವರ ಲಾರಿಗೆ ಹೊಸ ಟಾರ್ಪಾಲು ಬಂದಿದೆ.

ಈ ವರ್ಷ ಏನು ಬೇಕು ನಿಮಗೆ ಎಂದು ಕೇಳಿದರೆ ಲೂಬಾ ಬೂಟಿನ ಮಣ್ಣು ಕೆರೆಯುತ್ತಾ ಉತ್ತರಿಸುತ್ತಾರೆ: "ಸೆಪ್ಟೆಂಬರ್‌ನಲ್ಲಿ ನನ್ನ ಬೀಜ ನಾನು ಕೇರ್ಬೇಕು, ಮೇ ತಿಂಗಳಲ್ಲಿ ನಾನೇ ಬಿತ್ಬೇಕು. ಅದಕ್ಕೆ ಯಾರ ಕಾಗದಕ್ಕೂ ನಾನು ಸಹಿ ಹಾಕಲ್ಲ. ಅವರವರ ಹೊಲದಲ್ಲಿ ಅವರವರ ಇಷ್ಟ. ನನ್ನ ಬೇಲಿ ದಾಟಿ ಬಂದದ್ದನ್ನ ಮಾತ್ರ ಬೇರು ಸಮೇತ ಕೀಳ್ತೀನಿ, ಬೆನ್ನಿರೋವರೆಗೂ."

ಶುಕ್ರವಾರ ಪರೀಕ್ಷಕಿ ಲಿಸೆಟ್ ಗೋಬೆ ಬರುತ್ತಾರೆ. ತೆಳ್ಳನೆ ಹೆಂಗಸು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಮುಖದಲ್ಲಿ ನಗುವಿನ ಗುರುತೂ ಇಲ್ಲ. ಹೊಲದ ಹತ್ತು ಕಡೆ ಪರೀಕ್ಷೆ, ಒಂದೊಂದು ಕಡೆಯೂ ನೂರು ಹೆಜ್ಜೆ. ದಾರಿ ತೋರಿಸಲು ಮುಂದೆ ವರ್ನ್, ನಡುವೆ ಲಿಸೆಟ್, ಹಿಂದೆ ಲೂಬಾ. ಒಂದೂವರೆ ಗಂಟೆಯ ನಡಿಗೆ. ಲೂಬಾ ಅವರ ಬೆರಳುಗಳು ಮಳೆಯಂಗಿಯ ಗುಂಡಿಯೊಂದನ್ನು ಬಿಚ್ಚುತ್ತವೆ, ಹಾಕುತ್ತವೆ. ಹತ್ತನೆಯದು ಮುಗಿದು ಗೇಟಿಗೆ ಬಂದಾಗ ಲಿಸೆಟ್ ಹಲಗೆಯ ಮೇಲೆ ಏನೋ ಬರೆದು ತಲೆ ಎತ್ತುತ್ತಾರೆ.

"ಒಂದು ಕನೋಲಾ ಗಿಡ ಕಂಡಿದೆ."

ಲೂಬಾ ಬಾಯಿ ತೆರೆಯುವ ಮೊದಲೇ ವರ್ನ್ ಕೆಂಪಾಗುತ್ತಾರೆ. "ಸಾಧ್ಯವೇ ಇಲ್ಲ ಮೇಡಂ! ನಾಲ್ಕು ದಿನದಿಂದ ಒಂದೊಂದು ಎಲೆನೂ ಮುಟ್ಟಿ ನೋಡಿದೀನಿ ನಾನು! ಎಲ್ಲಿದೆ ತೋರ್ಸಿ! ನಮ್ಮ ಹೊಲ ಇದು, ಒಂದೇ ಒಂದು ಇಲ್ಲ!"

"ಹೊಲದಲ್ಲಿ ಇಲ್ಲ, ಹೊಲ ಪಾಸಾಗಿದೆ," ಲಿಸೆಟ್ ಅದೇ ಮುಖದಲ್ಲಿ ಹೇಳುತ್ತಾರೆ. "ಆದ್ರೆ ಒಂದೂವರೆ ಗಂಟೆಯಿಂದ ಒಂದು ಗಿಡ ನನ್ನ ಮುಂದೆ ಮುಂದೆ ನಡ್ಕೊಂಡು ಹೋಗ್ತಾ ಇದೆ. ಅದನ್ನ ಯಾವ ಕಾಲಮ್ಮಲ್ಲಿ ಬರೀಲಿ?"

ವರ್ನ್ ತಲೆಯ ಹಿಂದೆ ಕೈ ಹಾಕಿ ನೋಡುತ್ತಾರೆ. ಬೀಜದ ಕಂಪನಿ ಪುಕ್ಕಟೆ ಕೊಟ್ಟ ಟೋಪಿಯ ಹಿಂಪಟ್ಟಿಯಲ್ಲಿ ಒಂದು ಮೊಳದ ಕನೋಲಾ ಗಿಡ ಹೂ ಸಮೇತ ನೆಟ್ಟಗೆ ನಿಂತಿದೆ.

"ಪರೀಕ್ಷೆ ದಿನ ಪಕ್ಕದ ಹೊಲದ ಮಾಲೀಕ ಹೂ ಮುಡೀದೆ ಬಂದ್ರೆ ಚೆನ್ನಾಗಿರಲ್ಲ ಅಂತ ಬೆಳಿಗ್ಗೆ ಅವನು ಬಗ್ಗಿದಾಗ ನಾನೇ ಮುಡಿಸ್ದೆ," ಎನ್ನುತ್ತಾರೆ ಲೂಬಾ.

ಲಿಸೆಟ್ ಅವರ ತುಟಿಯ ಒಂದು ತುದಿ ಕೊನೆಗೂ ಅಲುಗುತ್ತದೆ. ಲೂಬಾ ಕಣ್ಣೊರೆಸಿಕೊಂಡು ನಗುತ್ತಾರೆ. ವರ್ನ್ ಅವರಂತೂ ಟೋಪಿಯನ್ನು ಎದೆಗೊತ್ತಿಕೊಂಡು, ಗೇಟಿನ ಕಂಬ ಹಿಡಿದು, ಉಸಿರು ಸಿಗದೆ, ಇಬ್ಬರ ನಗುವೂ ಕೇಳದಷ್ಟು ಜೋರಾಗಿ ನಗುತ್ತಿದ್ದಾರೆ.