ಪಟ್ಟಿಯಕ್ಕನ ಅಂದಾಜು

ಆ ಆಸ್ಪತ್ರೆಯಲ್ಲಿ ಯಾರು ಯಾರಿಗೆ ಮುಖ ತಿರುಗಿಸಿಕೊಂಡಿದ್ದಾರೆ, ಯಾವ ಡಾಕ್ಟರಿಗೆ ವರ್ಗವಾಗಲಿದೆ, ಮೂರನೇ ವಾರ್ಡಿನ ನರ್ಸು ಯಾಕೆ ಎರಡು ದಿನದಿಂದ ಊಟದ ಡಬ್ಬಿ ತೆರೆದಿಲ್ಲ, ಇದೆಲ್ಲ ತಿಳಿಯಬೇಕಾದರೆ ನೆಲಮಹಡಿಯ ಡ್ರೆಸ್ಸಿಂಗ್ ರೂಮಿಗೇ ಹೋಗಬೇಕಿತ್ತು. ಅಲ್ಲಿದ್ದವಳು ಪಟ್ಟಿಯಕ್ಕ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೀತು, ಕೂಗುವವರು ಯಾರೂ ಇರಲಿಲ್ಲ. ಗಾಯಕ್ಕೆ ಪಟ್ಟಿ ಹಾಕುವವಳು, ವಯಸ್ಸು ಐವತ್ನಾಲ್ಕು, ಹಾಗಾಗಿ ಪಟ್ಟಿಯಕ್ಕ. ಅವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ಆಡಿಕೊಳ್ಳುತ್ತಿದ್ದವರೆಲ್ಲ, ತಮಗೊಂದು ಸುದ್ದಿ ಬೇಕಾದಾಗ ಅವಳ ಬಾಗಿಲಿಗೇ ಬರುತ್ತಿದ್ದರು.

ಇಪ್ಪತ್ತೆಂಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಆಪರೇಷನ್ ಆದವರು ಹೊಲಿಗೆ ಬಿಚ್ಚುವ ಹತ್ತನೇ ದಿನದವರೆಗೂ ದಿನಾ ಬೆಳಿಗ್ಗೆ ಬಂದು ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂರುವರು. ಅಕ್ಕ ಒಬ್ಬೊಬ್ಬರನ್ನೇ ಒಳಗೆ ಕರೆದು, ಹಳೆಯ ಪ್ಲಾಸ್ಟರನ್ನು ಒದ್ದೆ ಹತ್ತಿಯಿಂದ ನೆನೆಸಿ ಬಿಡಿಸಿ, ಗಾಯ ತೊಳೆದು, ಹೊಸ ಪಟ್ಟಿ ಅಂಟಿಸುವಳು. ಬಿಡಿಸುವಾಗ ಕೂದಲು ಕಿತ್ತು ನೋಯದಿರಲೆಂದು ಏನಾದರೊಂದು ಕೇಳಿ ರೋಗಿಯ ಗಮನ ಬೇರೆಡೆ ಹರಿಸುವಳು. ಊರಿನ ಸುದ್ದಿಯೆಲ್ಲ ಅವಳ ಕಿವಿಗೆ ಬಿದ್ದದ್ದು ಹೀಗೆ. ದಿನಾ ಪಟ್ಟಿ ಬದಲಿಸದ ಗಾಯ ಕೆಟ್ಟೇ ಕೆಡುತ್ತದೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಒಂದು ಬೆಳಿಗ್ಗೆ ಸರ್ಜರಿ ವಿಭಾಗದ ಕಿರಿಯ ಡಾಕ್ಟರಮ್ಮ ಬಂದು ಸ್ಟೂಲಿನ ಮೇಲೆ ಕುಳಿತರು. ಎಳೆ ವಯಸ್ಸು, ದಪ್ಪ ಕನ್ನಡಕ, ಬಾಯಿ ತೆರೆದರೆ ಪ್ರಶ್ನೆ.

"ಅಕ್ಕ, ಹರ್ನಿಯಾ ಆಪರೇಷನ್ ಆದವರ ಗಾಯ ಶುದ್ಧವಾಗೇ ಇರುತ್ತಲ್ಲ, ಅದಕ್ಕೆ ದಿನಾ ಪಟ್ಟಿ ಬೇಕಾ?"

"ಬೇಕಾ ಅಂತ ಕೇಳ್ತೀರಲ್ಲ! ಇನ್ನು ನಾಳೆ ದಿನಾ ಹಲ್ಲುಜ್ಜಬೇಕಾ ಅಂತನೂ ಕೇಳ್ತೀರಿ ನೀವು."

"ಬೇಕು ಅಂತ ಯಾರಾದರೂ ನೋಡಿದ್ದಾರಾ?"

"ನಾನು ನೋಡಿದ್ದೀನಿ."

"ಪಟ್ಟಿ ಹಾಕದವರನ್ನ?"

ಅಕ್ಕ ಇಕ್ಕಳ ಕೆಳಗಿಟ್ಟಳು. ಪಟ್ಟಿ ಹಾಕದೆ ಅವಳು ಯಾರನ್ನು ತಾನೇ ಬಿಟ್ಟಿದ್ದಳು!

ಡಾಕ್ಟರಮ್ಮ ಒಂದು ಅಧ್ಯಯನ ಹೂಡಿದ್ದರು. ಒಪ್ಪಿಕೊಂಡ ಇನ್ನೂರ ನಲವತ್ತು ಹರ್ನಿಯಾ ರೋಗಿಗಳಲ್ಲಿ ಅರ್ಧ ಜನಕ್ಕೆ ಎಂದಿನಂತೆ ದಿನಾ ಪಟ್ಟಿ. ಇನ್ನರ್ಧ ಜನಕ್ಕೆ ಎರಡನೇ ದಿನವೇ ಪಟ್ಟಿ ತೆಗೆದು, ಗಾಯವನ್ನು ಹಾಗೇ ಬಯಲಿಗೆ ಬಿಡುವುದು. ಯಾರು ಯಾವ ಗುಂಪು ಎಂಬುದು ಮುಚ್ಚಿದ ಲಕೋಟೆಯಲ್ಲಿ. ಹತ್ತನೇ ದಿನ ಒಬ್ಬರು ಗಾಯ ನೋಡಿ, ಕೆಂಪಿದೆಯೇ, ಊತವಿದೆಯೇ, ಕೀವಿದೆಯೇ ಎಂದು ಅಂಕ ಹಾಕಬೇಕು. ಹಾಗೆ ನೋಡುವವರಿಗೆ ಗುಂಪಿನ ವಿಷಯ ಗೊತ್ತಿರಲೇಬಾರದು. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ.

ನೋಡುವವರು ಯಾರೆಂದು ಆರಿಸಲು ಅದಕ್ಕೂ ಮೊದಲೇ ಒಂದು ಪರೀಕ್ಷೆ ನಡೆದಿತ್ತು. ನಲವತ್ತು ಗಾಯಗಳ ಫೋಟೋಗಳನ್ನು ಇಬ್ಬರು ಡಾಕ್ಟರುಗಳಿಗೂ ಅಕ್ಕನಿಗೂ ಎರಡೆರಡು ಸಲ ಕಲಸಿ ತೋರಿಸಿದ್ದರು. ಡಾಕ್ಟರುಗಳು ಎರಡನೇ ಸಲ ಏಳೆಂಟು ಕಡೆ ತಮ್ಮ ಅಂಕವನ್ನು ತಾವೇ ಬದಲಿಸಿದ್ದರು. ಅಕ್ಕ ಬದಲಿಸಿದ್ದು ಒಂದೇ ಒಂದು. ವಿಭಾಗದ ದೊಡ್ಡ ಡಾಕ್ಟರು ಆ ಹಾಳೆ ನೋಡಿ, "ಇನ್ನೇನು ಯೋಚನೆ, ಆಯಮ್ಮನ್ನೇ ಕೂರಿಸಿ" ಅಂದುಬಿಟ್ಟರು.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಬಸ್ ಕಂಡಕ್ಟರಾಗಿ ನಿವೃತ್ತನಾದವನು, ನಗುವುದಕ್ಕೆ ಈಗ ಬೇಕಾದಷ್ಟು ಬಿಡುವಿತ್ತು.

"ಏನೂ ತಿಳ್ಕೊಳ್ಳದೆ ಇರೋ ಕೆಲಸ ನಿನಗಾ? ಪಕ್ಕದ ಮನೆ ಬೆಕ್ಕು ಎಲ್ಲಿ ಮರಿ ಹಾಕ್ತು ಅಂತ ಗೊತ್ತಾಗೋ ತನಕ ನಿನಗೆ ನಿದ್ದೆ ಬರಲ್ಲ ಕಣೇ!"

"ನೋಡ್ತಾ ಇರಿ. ಪಟ್ಟಿ ಬೇಕೇ ಬೇಕು ಅಂತ ಆ ಕನ್ನಡಕದ ಹುಡುಗಿಗೆ ತೋರಿಸೇ ತೋರಿಸ್ತೀನಿ" ಅಂದಳು ಅಕ್ಕ.

ಕಾರಿಡಾರಿನ ಕೊನೆಯಲ್ಲಿ ಅವಳಿಗೊಂದು ಕೋಣೆ ಕೊಟ್ಟರು. ಒಂದು ಮಂಚ, ಒಂದು ದೀಪ, ಒಂದು ಸ್ಕೇಲು. ಅವಳ ಹಳೆಯ ರೂಮಿಗೆ ಬೇರೆ ನರ್ಸು ಬಂದಳು. ಪ್ಲಾಸ್ಟರಿನ ಅಂಟು ಗುಟ್ಟು ಬಿಟ್ಟುಕೊಟ್ಟೀತೆಂದು, ಹತ್ತನೇ ದಿನ ಬಂದ ಎಲ್ಲರಿಗೂ ಹೊರಗೆ ಒಂದೇ ಥರದ ಪ್ಲಾಸ್ಟರನ್ನು ಗಂಟೆಗಟ್ಟಲೆ ಅಂಟಿಸಿಟ್ಟು, ತೆಗೆದು, ಒರೆಸಿ ಒಳಗೆ ಕಳಿಸುತ್ತಿದ್ದರು. ಬಾಗಿಲ ಮೇಲೆ 'ಅಕ್ಕನಿಗೆ ಏನೂ ಹೇಳಬೇಡಿ' ಎಂಬ ಬೋರ್ಡು ತೂಗುತ್ತಿತ್ತು. ಅದನ್ನು ಓದಲೆಂದೇ ಮೇಲಿನ ಮಹಡಿಯವರೂ ಇಳಿದು ಬಂದು ನಕ್ಕು ಹೋದರು.

ಬಾಯಿಗೆ ಬೀಗ ಹಾಕಿಕೊಳ್ಳುವುದು ರೋಗಿಗಳಿಗಾದರೂ ಸುಲಭವೇ? ಒಬ್ಬ ಕ್ಷೌರಿಕ ಬಂದ. ಇಡೀ ದಿನ ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುವ ಮನುಷ್ಯ. ಮಂಚದ ಮೇಲೆ ಮಲಗುತ್ತಲೇ, "ಅಕ್ಕ, ನನಗಂತೂ ಅವರು ಎರಡನೇ ದಿನಾನೇ..." ಎಂದು ಶುರುಮಾಡಿದ. ಅಕ್ಕ ಎರಡೂ ಕಿವಿಗೆ ಕೈಯಿಟ್ಟುಕೊಂಡು, "ಅಯ್ಯೋ ಪುಣ್ಯಾತ್ಮ, ಮುಚ್ಚು ಬಾಯಿ!" ಎಂದು ಕಿರುಚಿದಳು. ಪಾಪ, ಅವನು ಹೆದರಿ ಎದ್ದು ಕುಳಿತ. ಅವನ ಗಾಯವನ್ನು ಕೊನೆಗೆ ಬೇರೊಬ್ಬರು ನೋಡಿ, ಅವನ ಜಾಗಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಕಾಯಿತು.

ಅಂಕದ ಹಾಳೆಯ ತುದಿಯಲ್ಲಿ ಒಂದು ಪ್ರಶ್ನೆ ಇತ್ತು: 'ಈ ರೋಗಿ ಯಾವ ಗುಂಪು, ನಿಮ್ಮ ಅಂದಾಜೇನು?' ಗುಟ್ಟು ಗುಟ್ಟಾಗಿಯೇ ಉಳಿದಿದೆಯೇ ಎಂದು ನೋಡುವುದಕ್ಕೆ ಅದು. ಅಕ್ಕನಿಗೆ ಬಹಳ ಪ್ರೀತಿಯ ಪ್ರಶ್ನೆ. ಗೆರೆ ಎಳೆದ ಹಾಗೆ ಒಣಗಿ ಕೂಡಿದ ಗಾಯ ಕಂಡರೆ 'ಪಟ್ಟಿ', ಸ್ವಲ್ಪ ಮಂಕಾಗಿದ್ದರೆ 'ಬಯಲು'. ಒಂದು ಕ್ಷಣವೂ ತಡೆಯದೆ ಬರೆಯುವಳು. ಪಟ್ಟಿ ಹಾಕಿದ್ದು ನನ್ನ ಕಣ್ಣಿಗೆ ಗೊತ್ತಾಗದೆ ಹೋದೀತೇ ಎಂಬ ಬಿಂಕ.

ಎಪ್ಪತ್ತು ಮಂದಿ ಮುಗಿದಿದ್ದರು. ಎಪ್ಪತ್ತೊಂದನೆಯವನು ಒಬ್ಬ ಬಡಗಿ. ಹೊಲಿಗೆಯ ಪಕ್ಕ ತುಸು ಕೆಂಪು. ನೋಡಿದ್ದೇ ತಡ, ಇವನು ಬಯಲು ಗುಂಪಿನವನೇ ಎಂದುಕೊಂಡು 'ಕೆಂಪು: ಒಂದು' ಎಂದು ಬರೆದಳು. ಕೆಂಪು ಅರ್ಧ ಸೆಂಟಿಮೀಟರು ದಾಟಿದ್ದರೆ ಮಾತ್ರ ಒಂದು, ಒಳಗಿದ್ದರೆ ಸೊನ್ನೆ ಎಂಬುದು ನಿಯಮ. ಸ್ಕೇಲಿಟ್ಟಿರಲಿಲ್ಲ. ಏನನ್ನಿಸಿತೋ, ಆಮೇಲೆ ಇಟ್ಟು ನೋಡಿದಳು. ನಾಲ್ಕು ಮಿಲಿಮೀಟರು.

ಇವನನ್ನೇ 'ಪಟ್ಟಿ' ಎಂದುಕೊಂಡಿದ್ದರೆ ಸೊನ್ನೆ ಹಾಕುತ್ತಿದ್ದೆನಲ್ಲವೇ? ಇಂಥದ್ದು ಹಿಂದೆ ಎಷ್ಟು ಸಲ ಆಗಿದೆಯೋ! ಯಾರೂ ನೋಡಿರಲಿಲ್ಲ. ಒಂದನ್ನು ಅಳಿಸಿ ಸೊನ್ನೆ ಮಾಡಿ ಸುಮ್ಮನಿದ್ದಿದ್ದರೆ ಕೇಳುವವರೇ ಇರಲಿಲ್ಲ. ಬಡಗಿಯನ್ನು ಕಳಿಸಿ, ಹಾಳೆಗಳ ಕಟ್ಟನ್ನೇ ಎತ್ತಿಕೊಂಡು ಅವಳು ನೇರ ಡಾಕ್ಟರಮ್ಮನ ಮುಂದೆ ನಿಂತಳು.

"ನಾನು ಮೋಸ ಮಾಡಿದೆ ಡಾಕ್ಟರಮ್ಮ. ಬೇಕು ಅಂತ ಮಾಡಿದ್ದಲ್ಲ. ಮೊದಲು ಅಂದಾಜು ಮಾಡಿ, ಆಮೇಲೆ ಗಾಯ ನೋಡಿಬಿಟ್ಟೆ."

ಡಾಕ್ಟರಮ್ಮ ಬೈಯಲಿಲ್ಲ. ಪ್ರತಿ ಗಾಯಕ್ಕೂ ಸ್ಕೇಲಿಟ್ಟು ತೆಗೆದ ಫೋಟೋ ಇತ್ತು. ಎಪ್ಪತ್ತೊಂದನ್ನೂ ಕಲಸಿ, ನಂಬರು ಮುಚ್ಚಿ ಮತ್ತೆ ತೋರಿಸಿದರು. ಆರು ಕಡೆ ಅಕ್ಕ ಮೊದಲ ಸಲ ಒಂದು ಅಂಕ ಹೆಚ್ಚು ಹಾಕಿದ್ದಳು. ಆ ಆರೂ ಅವಳು 'ಬಯಲು' ಎಂದು ಬರೆದವೇ. ಹಳೆಯ ಅಂಕ, ಹೊಸ ಅಂಕ ಎರಡನ್ನೂ ವರದಿಯಲ್ಲಿ ತೋರಿಸಿ ಎಂದರು ದೊಡ್ಡ ಡಾಕ್ಟರು. ಅಂದಿನಿಂದ ಅಂದಾಜಿಗೆ ಬೇರೆಯೇ ಚೀಟಿ. ಸ್ಕೇಲಿಟ್ಟು, ಅಂಕ ಬರೆದು, ಹಾಳೆ ಡಬ್ಬಿಗೆ ಹಾಕಿದ ಮೇಲಷ್ಟೇ ಅದನ್ನು ಕೈಗೆತ್ತಿಕೊಳ್ಳಬೇಕು.

ಆ ಸಂಜೆ ಅಕ್ಕ ಸಪ್ಪಗೆ ಕುಳಿತಿದ್ದಳು. ಗಂಡ ಟೀ ಮಾಡಿ ತಂದಿಟ್ಟ.

"ಪಟ್ಟಿ ಬೇಡ ಅಂತಾನೇ ಆದ್ರೆ ಏನ್ರೀ ಮಾಡೋದು?"

"ಆಗಲಿ ಬಿಡು. ಕೆಲಸದಿಂದ ಯಾರೂ ತೆಗೆಯಲ್ಲ ನಿನ್ನ."

"ಕೆಲಸದ ಮಾತಲ್ಲ ರೀ. ಇಪ್ಪತ್ತೆಂಟು ವರ್ಷ ನಾನು ಮಾಡಿದ್ದೇನು ಹಾಗಾದ್ರೆ? ಸುಮ್ನೆ ಜನಾನ ಬೆಂಚಿನ ಮೇಲೆ ಕೂರಿಸಿದ್ದಾ?"

ಗಂಡ ತನ್ನ ಲೋಟವನ್ನೂ ತಂದ. ಪಕ್ಕದಲ್ಲಿ ಬಂದು ಕುಳಿತ. ಇಬ್ಬರೂ ಟೀ ಕುಡಿದರು.

ಹದಿನಾಲ್ಕು ತಿಂಗಳ ಮೇಲೆ ಕೊನೆಯ ರೋಗಿಯೂ ಮುಗಿದ. ಮೀಟಿಂಗ್ ರೂಮಿನಲ್ಲಿ ಯಾರು ಯಾವ ಗುಂಪು ಎಂಬ ದಾಖಲೆಯನ್ನು ತೆರೆದು ಲೆಕ್ಕ ಹಾಕಿದರು. ಅಕ್ಕನನ್ನೂ ಕರೆದಿದ್ದರು. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಅವಳು ಕುಳಿತಿದ್ದಳು. ದಿನಾ ಪಟ್ಟಿ ಹಾಕಿದ ನೂರಿಪ್ಪತ್ತು ಜನರಲ್ಲಿ ಗಾಯ ಕೆಟ್ಟದ್ದು ಆರು ಮಂದಿಗೆ. ಬಯಲಿಗೆ ಬಿಟ್ಟ ನೂರಿಪ್ಪತ್ತರಲ್ಲಿ ಐದು. ಹೆಚ್ಚುಕಡಿಮೆ ಏನೂ ಇಲ್ಲ.

"ನನ್ನ ಅಂದಾಜು?" ಕೇಳಿದಳು ಅಕ್ಕ.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡರು. "ಇನ್ನೂರ ನಲವತ್ತರಲ್ಲಿ ನೂರ ಹದಿನೆಂಟು ಸರಿ, ಅಕ್ಕ."

ಅಳುತ್ತಾಳೇನೋ ಎಂದು ಎಲ್ಲರೂ ಅವಳ ಕಡೆ ನೋಡಿದರು. ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ನಾಣ್ಯ ಚಿಮ್ಮಿದ್ರೂ ನೂರಿಪ್ಪತ್ತು ಬರ್ತಿತ್ತು! ನನಗಿಂತ ಆ ನಾಣ್ಯನೇ ವಾಸಿ!"

ಅವಳೇ ಮೊದಲು ನಕ್ಕಳು. ನಗುತ್ತ ನಗುತ್ತ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ನೋವಾಗಿತ್ತು, ಸುಳ್ಳೇಕೆ. "ನಿಮಗೂ ಗುರುತು ಸಿಗಲಿಲ್ಲ ಅನ್ನೋದೇ ನಮ್ಮ ಅಧ್ಯಯನದ ಗಟ್ಟಿತನ ಅಕ್ಕ" ಎಂದು ಡಾಕ್ಟರಮ್ಮ ಸಮಾಧಾನ ಮಾಡಿದರು. ದೊಡ್ಡ ಡಾಕ್ಟರು ಹಾಳೆಗಳನ್ನು ಮಗುಚುತ್ತಿದ್ದವರು ತಲೆಯೆತ್ತಿ, "ಕೆಟ್ಟ ಹನ್ನೊಂದು ಗಾಯಾನೂ ಮೊದಲು ಹಿಡಿದಿರೋದು ಈಯಮ್ಮನೇ ಕಣ್ರೀ, ಒಂದನ್ನೂ ಬಿಟ್ಟಿಲ್ಲ" ಅಂದರು. ಅಕ್ಕನ ಮುಖ ತಿಳಿಯಾಯಿತು.

ಹೊಸ ನಿಯಮ ಬಂತು. ಶುದ್ಧ ಗಾಯದವರಿಗೆ ಎರಡನೇ ದಿನ ಪಟ್ಟಿ ತೆಗೆದು ಮನೆಗೆ. ಅಕ್ಕ ತನ್ನ ಹಳೆಯ ರೂಮಿಗೆ ಮರಳಿದಳು. ಆದರೆ ಜನ ನಂಬಬೇಕಲ್ಲ! ಡಾಕ್ಟರು ಬೇಡವೆಂದರೂ ಅವರು ಬೆಂಚಿಗೆ ಬಂದು ಕೂತರು. ಮೊದಲ ದಿನವೇ ಒಬ್ಬ ನಿವೃತ್ತ ಮೇಷ್ಟ್ರು ಅಂಗಿ ಎತ್ತಿ ಹಿಡಿದುಕೊಂಡು ಒಳಗೆ ಬಂದರು. ಮೂರು ದಿನದ ಗಾಯ, ಮುಖದಲ್ಲಿ ಗಾಬರಿ.

"ಆ ಹುಡುಗಿ ಡಾಕ್ಟ್ರು ಬೇಡ ಅಂತಾರೆ. ನೀವು ಹಾಕಿಬಿಡಿ ತಾಯಿ, ನಿಮ್ಮ ಕೈಗುಣ ನನಗೆ ಗೊತ್ತು."

ಅಕ್ಕನ ಕೈ ತಾನಾಗಿ ಇಕ್ಕಳದ ಕಡೆ ಹೋಯಿತು. ಹಾಕಿಬಿಟ್ಟರೆ ಅರ್ಧ ನಿಮಿಷದ ಕೆಲಸ, ಮೇಷ್ಟ್ರಿಗೂ ಸಂತೋಷ, ಅವಳಿಗೂ. ಅವಳು ಬಗ್ಗಿ ಗಾಯ ನೋಡಿದಳು, ಸ್ಕೇಲಿಟ್ಟೂ ನೋಡಿದಳು.

"ಚೆನ್ನಾಗಿದೆ ಮೇಷ್ಟ್ರೇ. ಪಟ್ಟಿ ಬೇಡ."

"ಬೇಡ ಅಂತ ಯಾರು ಹೇಳಿದ್ದು?"

"ನಾನೇ ಹೇಳ್ತಾ ಇರೋದು. ಇನ್ನೂರ ನಲವತ್ತು ಜನರ ಗಾಯ ನನ್ನ ಕಣ್ಣಾರೆ ನೋಡಿದ್ದೀನಿ. ಯಾರಿಗೆ ಪಟ್ಟಿ ಹಾಕಿತ್ತು, ಯಾರಿಗಿಲ್ಲ ಅಂತ ಈ ಪಟ್ಟಿಯಕ್ಕನಿಗೇ ಗೊತ್ತಾಗಲಿಲ್ಲ. ಇನ್ನು ನಿಮ್ಮ ಗಾಯಕ್ಕೆ ಗೊತ್ತಾಗುತ್ತಾ? ಹೋಗಿ, ಹಾಯಾಗಿ ಸ್ನಾನ ಮಾಡಿ."

ಮೇಷ್ಟ್ರು ಅಂಗಿ ಇಳಿಬಿಟ್ಟು, ಗುಂಡಿ ಹಾಕಿಕೊಂಡು ಹೊರಟರು. ಬೆಂಚಿನ ಮೇಲಿದ್ದ ನಾಲ್ವರೂ ಅವರ ಹಿಂದೆಯೇ ಎದ್ದರು.